ಅತ್ತೆಯಿಲ್ಲದ ಚಿತ್ರಗಳು

ಹಳೆಯ ಹಾಲಿವುಡ್ಡಿನ ಕುಣಿತದ ಚಿತ್ರಗಳಲ್ಲಿ ಅತ್ತೆಯೇ ಇರುವುದಿಲ್ಲ. ಒಂದು ತಿಂಗಳಿಗೂ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವೂ ನೋಡಿ ಹೇಳುತ್ತಿರುವ ಮಾತು ಇದು, ಬಾಯಿಗೆ ಬಂದದ್ದಲ್ಲ. ನಾಯಕಿಗೆ ಒಬ್ಬಳು ಚಿಕ್ಕಮ್ಮ ಇರುತ್ತಾಳೆ, ಬಾಯಿಬಡುಕಿ, ಕೈಯಲ್ಲಿ ಸದಾ ಒಂದು ಗ್ಲಾಸು. ನಾಯಕನಿಗೆ ಒಬ್ಬ ಪೆದ್ದು ಗೆಳೆಯ. ಇಬ್ಬರ ತಂದೆತಾಯಿ ಎಲ್ಲಿದ್ದಾರೆ, ಯಾವ ಊರಿನ ಯಾವ ಜನ ಎಂದು ಯಾರೂ ಕೇಳುವುದಿಲ್ಲ. ಮೊದಲ ಭೇಟಿಯಲ್ಲೇ ಜಗಳವಾಡುತ್ತಾರೆ, ಹೋಟೆಲಿನ ಮೆಟ್ಟಿಲ ಮೇಲೆ ಕುಣಿಯುತ್ತಾರೆ, ಮತ್ತೆ ಜಗಳವಾಡುತ್ತಾರೆ, ಇನ್ನೇನು ಮದುವೆ ಅನ್ನುವಷ್ಟರಲ್ಲಿ ಚಿತ್ರ ಮುಗಿಯುತ್ತದೆ. ಅತ್ತೆ ಬರುವುದು ಅದಾದ ಮೇಲೆ. ಆ ಹುಡುಗಿಯರು ಅಷ್ಟು ನಿಶ್ಚಿಂತೆಯಿಂದ ಕುಣಿಯುವುದಕ್ಕೆ ಅದೇ ಕಾರಣ ಎಂದು ನನ್ನ ಬಲವಾದ ನಂಬಿಕೆ.

ಆ ಚಿತ್ರಗಳನ್ನೆಲ್ಲ ನಾನು ನೋಡಿದ್ದು ನನ್ನ ಅತ್ತೆಯ ಪಕ್ಕದಲ್ಲಿ ಕೂತು.

ಕೊರೋನಾ ಬಂದ ವರ್ಷ ಫೆಬ್ರವರಿಯಲ್ಲಿ ಅವರು ಧಾರವಾಡದಿಂದ ಡಚ್ಚರ ನಾಡಿನ ಆಮರ್ಸ್‌ಫೋರ್ಟಿನ ನಮ್ಮ ಮನೆಗೆ ಬಂದಿದ್ದರು. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಅವರು ಇದ್ದದ್ದು ದೊಡ್ಡ ಮಗನ ಮನೆಯಲ್ಲಿ, ಅಂದರೆ ನನ್ನ ಭಾವನವರ ಮನೆಯಲ್ಲಿ. ನಮ್ಮಲ್ಲಿ ಆರು ವಾರ ಇದ್ದು ಯುಗಾದಿಗೆ ವಾಪಸು ಹೋಗುವುದೆಂದು ಟಿಕೆಟ್ಟು ತೆಗೆದದ್ದು. ಹಬ್ಬಕ್ಕೆ ಇನ್ನು ಮೂರು ದಿನ ಇರುವಾಗ ಭಾರತಕ್ಕೆ ಹೋಗುವ ವಿಮಾನಗಳೆಲ್ಲ ನಿಂತವು. ಅತ್ತೆ ಉಳಿದರು. ಆರು ವಾರವನ್ನು ಹಲ್ಲು ಕಚ್ಚಿ ಕಳೆಯುವುದೆಂದು ಲೆಕ್ಕ ಹಾಕಿಕೊಂಡಿದ್ದ ನನಗೆ, ಇನ್ನು ಎಷ್ಟು ದಿನ ಎಂದು ಹೇಳುವವರೇ ಇಲ್ಲವಾಯಿತು.

ನಮ್ಮದು ಸಾಲುಮನೆ. ಇಲ್ಲಿನ ಎಲ್ಲ ಸಾಲುಮನೆಗಳಂತೆ ಏಣಿಯಷ್ಟು ಕಡಿದಾದ ಮೆಟ್ಟಿಲು, ಮೂರು ಮಹಡಿ. ಗಂಡ ಅಟ್ಟದ ಕೋಣೆ ಸೇರಿಕೊಂಡು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮೀಟಿಂಗು. ಹನ್ನೊಂದು ವರ್ಷದ ಮಗಳು ನಡುವಿನ ಮಹಡಿಯಲ್ಲಿ, ಕಂಪ್ಯೂಟರಿನ ಮುಂದೆ ಡಚ್ಚಿನಲ್ಲಿ ಶಾಲೆ. ನಾನು ಕೆಲಸ ಮಾಡುತ್ತಿದ್ದ ಶಿಶುಪಾಲನಾ ಕೇಂದ್ರ ಮುಚ್ಚಿತ್ತು. ಡಾಕ್ಟರು, ನರ್ಸುಗಳ ಮಕ್ಕಳಿಗೆ ಮಾತ್ರ ತೆರೆಯುತ್ತಿದ್ದರು, ನನ್ನ ಸರದಿ ವಾರಕ್ಕೊಮ್ಮೆ ಬರುತ್ತಿತ್ತು. ಕೆಳಗಿನ ಮಹಡಿಯಲ್ಲಿ ಅಡುಗೆಮನೆ, ಊಟದ ಮೇಜು, ಸೋಫಾ ಎಲ್ಲ ಒಂದೇ ಹಾಲಿನಲ್ಲಿ. ಅಲ್ಲಿ ಉಳಿದವರು ಅತ್ತೆ ಮತ್ತು ನಾನು. ಪ್ರಧಾನಿ ಟಿ.ವಿ.ಗೆ ಬಂದು ಎಲ್ಲರೂ ಒಂದೂವರೆ ಮೀಟರ್ ದೂರ ಇರಿ ಎಂದು ಹೇಳುತ್ತಿದ್ದ ಕಾಲ. ನಾವಿಬ್ಬರೂ ಅದನ್ನು ಹದಿನಾಲ್ಕು ವರ್ಷದಿಂದ ಪಾಲಿಸಿಕೊಂಡು ಬಂದಿದ್ದೆವು.

ಆ ದೂರ ಶುರುವಾದದ್ದು ಎಲ್ಲಿಂದ ಎನ್ನುವುದನ್ನು ಹೇಳಿಬಿಡಬೇಕು. ನಾನು ತುಮಕೂರಿನವಳು. ಏಳನೆಯ ವರ್ಷದಿಂದ ಇಪ್ಪತ್ತಮೂರನೆಯ ವರ್ಷದವರೆಗೆ ಭರತನಾಟ್ಯ ಕಲಿತವಳು. ಹೆಣ್ಣು ನೋಡಲು ಧಾರವಾಡದವರು ಬಂದಾಗ ಅತ್ತೆ ಕೇಳಿದ್ದು, "ಹಾಡ್ಲಿಕ್ಕೆ ಬರ್ತದೇನು?" ಎಂದು. ನಮ್ಮಪ್ಪ ಹೆಮ್ಮೆಯಿಂದ, "ಹಾಡು ಸುಮಾರು. ಡ್ಯಾನ್ಸಲ್ಲಿ ಸೀನಿಯರ್ ಆಗಿದೆ, ಇನ್ನು ಆರು ತಿಂಗಳಿಗೆ ವಿದ್ವತ್ ಪರೀಕ್ಷೆ" ಅಂದರು. ಅತ್ತೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ, ಅಪ್ಪನನ್ನೇ ನೋಡಿ ಹೇಳಿದರು: "ಹುಡಿಗಿ ಛಲೋ ಇದ್ದಾಳ, ನಮಗ ಒಪ್ಪಿಗಿ ಅದ. ಕುಣಿಯೂದು ಮಾತ್ರ ನಮ್ಮ ಮನಿಯೊಳಗ ನಡಿಯೂದಿಲ್ಲ. ತಲಿ ಮ್ಯಾಲ ಅಕ್ಕಿಕಾಳು ಬೀಳೂದರೊಳಗ ಅದನ್ನ ಬಿಟ್ಟು ಬರಬೇಕು."

ನಮ್ಮ ಗುರುಗಳ ಹತ್ತಿರ ಒಂದು ಪದ್ಧತಿ ಇತ್ತು. ನೃತ್ಯ ಬಿಡುವವಳು ಗೆಜ್ಜೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತಟ್ಟೆಯಲ್ಲಿ ಅರಿಸಿನ ಕುಂಕುಮದ ಜೊತೆ ಇಟ್ಟು ಅವರಿಗೇ ಒಪ್ಪಿಸಬೇಕು, ಅವರು ಅದನ್ನು ಬೇರೆ ಹುಡುಗಿಗೆ ಕೊಡುತ್ತಾರೆ. ಮದುವೆಗೆ ಒಂಬತ್ತು ದಿನ ಇರುವಾಗ ನಾನು ತಟ್ಟೆ ಹಿಡಿದು ಹೋದೆ. ಗುರುಗಳು ಗೆಜ್ಜೆ ತೆಗೆದುಕೊಂಡರು, ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಅವರ ಹೆಂಡತಿ ನನಗೆ ಕಾಫಿ ಕೊಟ್ಟು ಕಳಿಸಿದರು. ಅತ್ತೆ ಕೆಟ್ಟವರಲ್ಲ ಎಂದು ಹದಿನಾಲ್ಕು ವರ್ಷ ಎಲ್ಲರೂ ಹೇಳಿದರು. ಬಾಣಂತನಕ್ಕೆ ಬಂದು ಮಾಡಿದರು, ಅಂಟಿನುಂಡೆ ಕಟ್ಟಿದರು, ಒಂದು ಕೆಟ್ಟ ಮಾತು ಆಡಲಿಲ್ಲ. ಎಲ್ಲ ನಿಜ. ನನಗೆ ಅವರ ಮೇಲೆ ಸಿಟ್ಟು ಇತ್ತು, ಅದೂ ನಿಜ.

ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ ಊಟ ಮುಗಿಸಿ ನಾನು ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ಸೋಫಾದಲ್ಲಿ ಕೂತು ರಿಮೋಟಿನ ಗುಂಡಿ ಒತ್ತುತ್ತಿದ್ದರು. ಮನೆಯಲ್ಲಿ ಕೂತ ಮುದುಕರಿಗೆಂದು ಇಲ್ಲಿನ ಒಂದು ಚಾನೆಲ್ಲು ದಿನವೂ ಮಧ್ಯಾಹ್ನ ಹಳೆಯ ಅಮೆರಿಕನ್ ಚಿತ್ರ ಹಾಕುತ್ತಿತ್ತು. ಕಪ್ಪು ಬಿಳುಪು, ಮಾತು ಇಂಗ್ಲಿಷು, ಕೆಳಗೆ ಡಚ್ಚಿನ ಸಾಲು. ಬೂಟಿನ ಟಕಟಕ ಸದ್ದು ಕೇಳಿ ನಾನು ತಿರುಗಿ ನೋಡಿದೆ. ತೆರೆಯ ಮೇಲೆ ಒಬ್ಬ ತೆಳ್ಳಗಿನ ಗಂಡಸು, ಒಬ್ಬಳು ಗರಿಗಳ ಅಂಗಿಯ ಹೆಂಗಸು, ಹೊಳೆಯುವ ನೆಲ. ಅತ್ತೆ ರಿಮೋಟು ಕೈಯಲ್ಲೇ ಹಿಡಿದು ಬಾಗಿ ಕೂತಿದ್ದರು. ಅವರ ಎರಡೂ ಕೆನ್ನೆ ಒದ್ದೆಯಾಗಿದ್ದವು.

"ಏನಾಯ್ತು ಅತ್ತೆ?" ಎಂದು ನಾನು ಗಾಬರಿಯಾಗಿ ಕೇಳಿದೆ. ಊರಿನಿಂದ ಯಾರದೋ ಸುದ್ದಿ ಬಂತು ಎಂದುಕೊಂಡಿದ್ದೆ. ಆ ದಿನಗಳಲ್ಲಿ ಅಳು ಎಂದರೆ ಅದೇ.

"ಸುಮ್ನಿರು, ಹಿಮ್ಮಡಿ ನೋಡು ಅವಂದು," ಅಂದರು ಅತ್ತೆ.

ಆ ಚಿತ್ರವನ್ನು ಕೊನೆಯವರೆಗೆ ನೋಡಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹೇಳದ ಕಥೆ ಹೇಳಿದರು. ಅವರ ತಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತ. ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಒಂದು ಆಂಗ್ಲೋ ಇಂಡಿಯನ್ ಕುಟುಂಬ, ಗಂಡ ಎಂಜಿನ್ ಡ್ರೈವರು. ಆ ಮನೆಯ ಹುಡುಗಿ ಇವರ ವಾರಿಗೆಯವಳು. ರೈಲ್ವೆಯವರ ಕ್ಲಬ್ಬಿನಲ್ಲಿ ತಿಂಗಳಿಗೊಮ್ಮೆ ಹಳೆಯ ಇಂಗ್ಲಿಷು ಪಿಕ್ಚರು ಹಾಕುತ್ತಿದ್ದರಂತೆ. ನೋಡಿ ಬಂದು ಇಬ್ಬರೂ ಅವಳ ಮನೆಯ ಹಿಂದಿನ ಕಟ್ಟೆಯ ಮೇಲೆ ಅದೇ ಹೆಜ್ಜೆ ಹಾಕುವುದು. ಬೂಟು ಎಲ್ಲಿಂದ ಬರಬೇಕು? ಹಳೇ ಚಪ್ಪಲಿಯ ಅಡಿಗೆ ಸೋಡಾ ಬಾಟಲಿಯ ತಗಡಿನ ಬಿರಡೆ ಮೊಳೆ ಹೊಡೆದು ಕೂರಿಸಿಕೊಂಡಿದ್ದರಂತೆ.

"ಮೂರು ವರ್ಷ ಕುಣದ್ವಿ. ನನಗ ಅಕಿಗಿಂತ ಛಲೋ ಬರ್ತಿತ್ತು," ಅಂದರು. "ಆಮ್ಯಾಲ ನಮ್ಮಪ್ಪ ಒಂದಿನ ಲಗೂನ ಮನಿಗೆ ಬಂದ."

"ಬಂದು?"

"ಬಂದು ಏನು. ಚಪ್ಪಲಿ ಒಲಿಯಾಗ ಹಾಕಿದ. ವರ್ಷ ತುಂಬೂದರೊಳಗ ನನ್ನ ಲಗ್ನ ಮಾಡಿದ."

ಇಷ್ಟನ್ನು ಅವರು ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳಿದರು. ನಾನು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದೆ. ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಕನಿಕರ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು, ಹಾಗಾದರೆ ನಿಮಗೆ ಗೊತ್ತಿತ್ತು, ಎನ್ನುವ ಮಾತು. ಕುಣಿತದ ಗಂಧ ಇಲ್ಲದವರು ಬೇಡ ಎಂದರೆ ಅದು ಅಜ್ಞಾನ ಎಂದು ಕ್ಷಮಿಸಬಹುದು. ಇವರಿಗೆ ಗೊತ್ತಿತ್ತು. ಕಾಲಿನಿಂದ ಕಿತ್ತುಕೊಂಡರೆ ಹೇಗಾಗುತ್ತದೆ ಎಂದು ಗೊತ್ತಿದ್ದೂ ನನ್ನ ಕಾಲಿನಿಂದ ಕಿತ್ತುಕೊಂಡಿದ್ದರು.

ಆದರೂ ಮರುದಿನ ಊಟವಾದ ಮೇಲೆ ನಾನೇ ಟಿ.ವಿ. ಹಚ್ಚಿದೆ. ಅದರ ಮರುದಿನವೂ. ಯಾಕೆ ಎಂದರೆ, ನಾನು ಒಂದು ಮಾತಿಗೆ ಕಾಯುತ್ತಿದ್ದೆ. ಇಷ್ಟು ಹೇಳಿಕೊಂಡ ಮೇಲೆ ಇವತ್ತಲ್ಲ ನಾಳೆ ಅವರು ನನ್ನ ಕಡೆ ತಿರುಗಿ, "ನಿನಗೂ ಹಂಗ ಮಾಡಿಬಿಟ್ಟೆ ನೋಡು" ಎಂದು ಹೇಳಲೇಬೇಕು. ಅಷ್ಟು ಹೇಳಿದರೆ ಸಾಕಿತ್ತು. ಕ್ಷಮೆ ಕೇಳುವುದು ಬೇಡ, ಅಷ್ಟು ಹೇಳಲಿ. ಹದಿನಾಲ್ಕು ವರ್ಷ ಹೊತ್ತದ್ದನ್ನು ನಾನು ಅಲ್ಲೇ ಆ ಸೋಫಾದ ಮೇಲೆ ಇಳಿಸಿಬಿಡುತ್ತಿದ್ದೆ. ಅವರು ನಾಯಕಿಯ ಹೆಜ್ಜೆ ನೋಡುತ್ತಿದ್ದರು, ನಾನು ಅವರ ಬಾಯಿ ನೋಡುತ್ತಿದ್ದೆ.

ಚಿತ್ರಗಳ ಕಥೆಯ ಬಗ್ಗೆ ಹೇಳಬೇಕೆಂದರೆ, ಹೇಳುವಂಥದ್ದು ಏನೂ ಇಲ್ಲ. ಅವನು ಹೋಟೆಲಿನ ಮಾಲೀಕನ ಮಗ, ಇವಳು ಅವನನ್ನು ಸಾಮಾನು ಹೊರುವವನು ಎಂದುಕೊಂಡಿರುತ್ತಾಳೆ. ಆ ಒಂದು ತಪ್ಪಿನ ಮೇಲೆ ಒಂದೂವರೆ ಗಂಟೆ ಓಡಿಸುತ್ತಾರೆ. ಬಾಗಿಲು ಧಡ್ ಎಂದು ಹಾಕುತ್ತಾರೆ, ತಪ್ಪು ಕೋಣೆಗೆ ನುಗ್ಗುತ್ತಾರೆ, ತಪ್ಪು ಕೋಟು ಹಾಕಿಕೊಳ್ಳುತ್ತಾರೆ. ಅತ್ತೆಗೆ ಇಂಗ್ಲಿಷು ಬರುವುದು ಅಷ್ಟಕ್ಕಷ್ಟೆ, ಕೆಳಗಿನ ಡಚ್ಚು ಇಲ್ಲವೇ ಇಲ್ಲ, ಆದರೂ ನನಗಿಂತ ಮುಂಚೆ ಕಥೆ ಹೇಳಿಬಿಡುತ್ತಿದ್ದರು. "ಇವರಿಬ್ಬರೂ ಕಡೀಕ ಒಂದಾಗ್ತಾರ ನೋಡು. ಬೈಯೂ ರೀತಿ ನೋಡಿದ್ರ ತಿಳಿಯೂದಿಲ್ಲೇನು?" ಅನ್ನುವರು. ನಾಯಕಿ ಸಿಟ್ಟಿನಿಂದ ಹಡಗು ಹತ್ತಿ ಹೊರಟರೆ, "ಹುಚ್ಚಖೋಡಿ! ಅವನ್ನ ಒಂದು ಮಾತು ಕೇಳಿದ್ರ ಮುಗೀತಿತ್ತು" ಎಂದು ಲೊಚಗುಟ್ಟುವರು. ನನ್ನನ್ನು ಒಂದು ಮಾತು ಕೇಳದೆ ನನ್ನಪ್ಪನ ಹತ್ತಿರ ಮಾತು ಮುಗಿಸಿದವರು ಇವರು. ನಾನು ಚಹಾ ಕುಡಿಯುತ್ತಿದ್ದೆ. ಆ ಚಿತ್ರಗಳಲ್ಲಿ ಎಲ್ಲ ಜಗಳವೂ ಒಂದು ಕುಣಿತದಲ್ಲಿ ಮುಗಿಯುತ್ತದೆ. ನಮ್ಮಿಬ್ಬರ ಜಗಳ ಇದ್ದದ್ದೇ ಕುಣಿತದ ಮೇಲೆ, ಅದಕ್ಕೆ ಆ ಚಿತ್ರದವರು ದಾರಿ ತೋರಿಸಿರಲಿಲ್ಲ.

ಕುಣಿತದ ಬಗ್ಗೆ ಮಾತ್ರ ನಾನು ಕುಹಕ ಆಡಲಾರೆ. ನಮ್ಮಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ಬಡಿಯಬೇಕು, ಮಂಡಿ ಬಾಗಿರಬೇಕು, ಭಾರವೆಲ್ಲ ಭೂಮಿಗೆ. ಅವರು ಬೆರಳನ್ನು ಬೇರೆ, ಹಿಮ್ಮಡಿಯನ್ನು ಬೇರೆ ಬಡಿಯುತ್ತಾರೆ, ಭಾರವೇ ಇಲ್ಲವೆನ್ನುವ ಹಾಗೆ. ಮೊದಮೊದಲು ಅದು ನನಗೆ ತುಂಟಾಟದಂತೆ ಕಂಡಿತು. ವಾರ ಕಳೆಯುವಷ್ಟರಲ್ಲಿ ಲೆಕ್ಕ ತಿಳಿಯಿತು. ಆಮೇಲೆ ನನಗೂ ಆ ಹೊತ್ತಿಗೆ ಮನಸ್ಸು ತುಡಿಯತೊಡಗಿತು. ಮನೆಯ ಹೊರಗೆ ಆಂಬುಲೆನ್ಸು, ಊರಿನಿಂದ ಒಬ್ಬೊಬ್ಬರದೇ ಸುದ್ದಿ, ಅಂಗಡಿಯಲ್ಲಿ ಶೌಚದ ಕಾಗದದ ಸುರುಳಿಗೂ ಬರ. ಮಧ್ಯಾಹ್ನ ಎರಡರಿಂದ ಮೂರೂವರೆ ಮಾತ್ರ ಹೊಳೆಯುವ ನೆಲ.

ಮೇ ತಿಂಗಳಲ್ಲಿ ಒಂದು ದಿನ ಚಿತ್ರ ಮುಗಿದ ಮೇಲೆ ಅತ್ತೆ ಎದ್ದು ಬಾಗಿಲ ಬಳಿ ಹೋದರು. ಗಂಡನ ಆಫೀಸಿನ ಕರಿ ಬೂಟು ಎರಡು ತಿಂಗಳಿನಿಂದ ಹಾಗೇ ಬಿದ್ದಿತ್ತು. ಅದನ್ನು ತಂದು, ಮುಂಭಾಗಕ್ಕೆ ಸೂಪರ್ ಮಾರ್ಕೆಟ್ಟಿನ ಜಾಹೀರಾತು ಕಾಗದ ತುರುಕಿ, ಕಾಲುಚೀಲದ ಮೇಲೆ ಹಾಕಿಕೊಂಡು ಲಾಡಿ ಬಿಗಿದರು. ಇಳಕಲ್ ಸೀರೆಯ ನೆರಿಗೆಯನ್ನು ಗೇಣುದ್ದ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದರು. ಅಡುಗೆಮನೆಯ ಭಾಗದಲ್ಲಿ ಟೈಲ್ಸಿನ ನೆಲ. ಅಲ್ಲಿ ಹೋಗಿ, ಒಲೆಯ ಅಂಚಿಗೆ ಒಂದು ಕೈ ಆನಿಸಿ ನಿಂತರು.

ನಾನು ಊಟದ ಮೇಜಿನ ಬಳಿ ಕೂತು ನಗುವುದಕ್ಕೆ ತಯಾರಾಗಿದ್ದೆ. ನಗು ಬರಲಿಲ್ಲ. ಅರವತ್ತೆಂಟು ವರ್ಷದ ಹೆಂಗಸು, ಮಂಡಿನೋವಿನವರು, ಮೊದಲು ನಾಲ್ಕು ಹೆಜ್ಜೆ ತಡವರಿಸಿದರು. ಆಮೇಲೆ ಕೈ ಬಿಟ್ಟರು. ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ, ಒಂದು ಎಳೆತ, ಮತ್ತೆ ಬೆರಳು. ಕಾಲಪ್ರಮಾಣ ಒಂದು ಕೂದಲೆಳೆ ಆಚೀಚೆ ಇಲ್ಲ. ಹದಿನಾರು ವರ್ಷ ಕಲಿತವಳಿಗೆ ಅದು ಗೊತ್ತಾಗುತ್ತದೆ. ನಿಜವಾಗಿ ಕುಣಿಯುವವರು ಇವರು. ಮೇಜಿನ ಕೆಳಗೆ ನನ್ನ ಬಲಗಾಲು ತನ್ನಷ್ಟಕ್ಕೆ ತಟ್ಟತೊಡಗಿತ್ತು. ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು, ಎರಡೂ ಒಟ್ಟಿಗೇ. ನಾನು ಫೋನು ತೆಗೆದು ವಿಡಿಯೋ ಮಾಡಿದೆ. ಒಂದು ನಿಮಿಷವೂ ಇಲ್ಲ, ನಲವತ್ತು ಸೆಕೆಂಡಿರಬಹುದು. ಅವರು ನೋಡಿದರು, ಬೇಡವೆನ್ನಲಿಲ್ಲ. ಮುಗಿಸಿ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತು ಬಾಯಿ ತುಂಬ ನಕ್ಕರು. ಅವರ ದವಡೆಯ ಒಂದು ಹಲ್ಲು ಇಲ್ಲ ಎಂದು ನನಗೆ ಗೊತ್ತಾದದ್ದೇ ಅವತ್ತು.

"ಯಾರಿಗೂ ತೋರಸಬ್ಯಾಡ ಮತ್ತ. ನಿನ್ನ ಗಂಡಗೂ," ಅಂದರು.

"ಇಲ್ಲ ಅತ್ತೆ," ಅಂದೆ.

ಈಗ ಹೇಳುತ್ತಾರೆ ಎಂದು ನನಗೆ ಖಚಿತವಾಗಿ ಅನ್ನಿಸಿತು. ನೀರು ಕೊಟ್ಟೆ, ಪಕ್ಕದಲ್ಲಿ ಕೂತೆ. ಹೇಳಲಿಲ್ಲ. ಕಾಯುವುದೂ ಸಾಕಾಗಿತ್ತು, ನಾನೇ ಮಾತು ತೆಗೆದೆ. "ನಾನೂ ಹದಿನಾರು ವರ್ಷ ಕಲ್ತಿದ್ದೆ ಅಲ್ವಾ ಅತ್ತೆ. ವಿದ್ವತ್ ಬರೀಬೇಕಿತ್ತು."

ಅತ್ತೆ ಲಾಡಿ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಅದು ಬ್ಯಾರೆ ಬಿಡು. ನಿಮ್ಮದು ಮಂದಿ ಮುಂದ ಕುಣಿಯೂದು," ಅಂದರು.

ಅಷ್ಟೆ. ಬೂಟಿನಿಂದ ಕಾಗದ ತೆಗೆದು, ಮಡಚಿ, ಎತ್ತಿಟ್ಟರು. ಮರುದಿನಕ್ಕೆ ಬೇಕಲ್ಲ.

ಸಂಜೆ ಪಲ್ಯಕ್ಕೆ ಉಪ್ಪು ಎರಡು ಸಲ ಹಾಕಿದೆ. ಮಂದಿಯ ಮುಂದೆ ಕುಣಿಯುವವಳು ನಾನು, ಒಳಗೆ ಬಾಗಿಲು ಹಾಕಿಕೊಂಡು ಕುಣಿಯುವ ಇವರು ಮರ್ಯಾದಸ್ಥರು! ಮರುದಿನ ಬೆಳಗ್ಗೆ ಹತ್ತು ಗಂಟೆಗೆ, ಕಾಫಿ ಮಾಡಿಕೊಂಡು, ನಿಂತಲ್ಲೇ ಫೋನು ತೆರೆದೆ. ಅವರ ಕುಟುಂಬದ್ದೊಂದು ಗ್ರೂಪು ಇದೆ. ಭಾವ, ಓರಗಿತ್ತಿ, ಅತ್ತೆಯ ತಮ್ಮಂದಿರು, ಮಾವನ ಕಡೆಯ ದಾಯಾದಿಗಳು, ಶ್ರಾದ್ಧಕ್ಕೆ ಬರುವ ಆಚಾರ್ಯರೂ ಅದರಲ್ಲಿ ಇದ್ದಾರೆ. ಆ ವಿಡಿಯೋ ಅಲ್ಲಿಗೆ ಹಾಕಿದೆ. ಗಂಡನಿಗೆ, ಮಗಳಿಗೆ, ಆಮೇಲೆ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ನಮ್ಮ ಮೂವರ ಗ್ರೂಪಿಗೆ ಹಾಕಲು ಹೋಗಿ ಕೈತಪ್ಪಿ ಹೋಯಿತು. ಈ ಕೈತಪ್ಪು ನಮ್ಮ ಜನಕ್ಕೆಲ್ಲ ಅರ್ಥವಾಗುವಂಥದ್ದು. ಎಲ್ಲರ ಮನೆಯಲ್ಲೂ ಒಮ್ಮೆಯಾದರೂ ಆಗಿರುತ್ತದೆ. ಎಲ್ಲರೂ ನಂಬಿದರು.

ಕೈ ತಪ್ಪಿರಲಿಲ್ಲ. ಗ್ರೂಪಿನ ಹೆಸರನ್ನು ನಾನು ಎರಡು ಸಲ ಓದಿಕೊಂಡಿದ್ದೆ.

ಮೊದಲು ಇಬ್ಬರು ಹುಡುಗಿಯರು ನಗುವ ಮುಖದ ಚಿತ್ರ ಹಾಕಿದರು. ಆಮೇಲೆ ಯಾರೂ ಏನೂ ಹಾಕಲಿಲ್ಲ. ಅಷ್ಟು ಜನ ನೋಡಿದ ಗುರುತು ಮಾತ್ರ ಬೀಳುತ್ತ ಹೋಯಿತು. ನನಗೆ ಹೆದರಿಕೆಯಾಗಿ ಅಳಿಸಿದೆ. ಅಷ್ಟರಲ್ಲಿ ಯಾರೋ ಇಳಿಸಿಕೊಂಡಿದ್ದರು. ಮೂರೂವರೆ ಗಂಟೆ ಮುಂದಿರುವ ಧಾರವಾಡದಲ್ಲಿ ಮಧ್ಯಾಹ್ನದ ಊಟ ಮುಗಿಯಿತು. ಭಾವನವರ ಫೋನು ಗಂಡನಿಗೆ ಬಂತು. ಗಂಡ ಅಟ್ಟದಿಂದ ಇಳಿದು ಬಂದು, ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟರು. ಅತ್ತೆಗೆ ಆಗ ಏನೂ ಗೊತ್ತಿಲ್ಲ. ಸೌತೆಕಾಯಿ ಹೆಚ್ಚುತ್ತ ಕೂತಿದ್ದರು.

"ಏನವ್ವಾ ಇದು?" ಎಂದು ಭಾವ ಶುರುಮಾಡಿದರು. "ಇಲ್ಲೆ ಓಣಿಯೊಳಗ ಮಂದಿ ಮಾರಿಗೆ ಬಟ್ಟಿ ಕಟಗೊಂಡು ಜೀವಾ ಹಿಡಕೊಂಡು ಕೂತಾರ. ಅಪ್ಪ ಹೋಗಿ ಮೂರು ವರ್ಷ ಆತು. ನೀ ಅಲ್ಲೆ ಗಂಡಸರ ಬೂಟು ಹಾಕ್ಕೊಂಡು ಕುಣೀಲಿಕ್ಕತ್ತಿ? ಮಾಮಾ ಫೋನ್ ಮಾಡಿದ್ದ. ಆಚಾರ್ರು ನೋಡ್ಯಾರ. ನಾ ಏನು ಹೇಳಲಿ ಅವರಿಗೆ?"

ಅತ್ತೆಯ ಕೈಯಲ್ಲಿ ಚಾಕು ನಿಂತಿತು. ನನ್ನ ಕಡೆ ನೋಡಿದರು. ಆ ನೋಟವನ್ನು ವರ್ಣಿಸುವ ಧೈರ್ಯ ನನಗಿಲ್ಲ. ಆಮೇಲೆ ಫೋನಿಗೆ ಬಾಗಿ ಗಟ್ಟಿಯಾಗಿ ಹೇಳಿದರು:

"ನಾ ಎಲ್ಲಿ ಕುಣೀಲೋ ತಮ್ಮಾ, ಈ ಮಂಡಿ ಇಟಗೊಂಡು? ಇಕೀನ ಹಚ್ಚಿದ್ಲು. ಹಾಕ್ಕೋರಿ ಹಾಕ್ಕೋರಿ ಅಂತ ಬೆನ್ನು ಹತ್ತಿದ್ಲು. ಇಕಿಗೆ ಮದಲಿಂದ ಕುಣಿಯೂ ಹುಚ್ಚು, ನಿನಗ ಗೊತ್ತದಲ್ಲ."

ಭಾವನವರ ದನಿ ಕೂಡಲೇ ಇಳಿಯಿತು. "ಹಂಗೇನು? ಅದ ಅಂದೆ ನಾ," ಅಂದರು. ಎಲ್ಲರಿಗೂ ನಿರಾಳವಾಯಿತು. ಗಂಡ ನನ್ನ ಹೆಗಲು ತಟ್ಟಿ, "ಹೋಗ್ಲಿ ಬಿಡು, ಅವ್ವಗ ಏನರೆ ಹೇಳಬೇಕಲ್ಲ" ಎಂದು ಮತ್ತೆ ಅಟ್ಟ ಹತ್ತಿದರು. ನಾನು ತಪ್ಪೊಪ್ಪಿಕೊಳ್ಳಲಿಲ್ಲ, ವಾದಿಸಲಿಲ್ಲ. ಅವರು ಸುಳ್ಳು ಹೇಳಿದ್ದರಿಂದ ನನಗೆ ಒಳಗೊಳಗೇ ಸಮಾಧಾನವೇ ಆಗಿತ್ತು. ನೋಡು, ಇವರು ಹೀಗೇ, ಎಂದುಕೊಳ್ಳಲು ಒಂದು ಆಧಾರ ಸಿಕ್ಕಿತ್ತು.

ಅಂದು ಮಧ್ಯಾಹ್ನ ಟಿ.ವಿ. ಹಚ್ಚಲಿಲ್ಲ. ಮರುದಿನ ನಾನು ಹಚ್ಚಿದೆ. ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಪಾರಾಯಣದ ಪುಸ್ತಕ ತೆಗೆದರು. ಕರಿ ಬೂಟು ಬಾಗಿಲ ಬಳಿ ಮೊದಲಿನ ಜಾಗಕ್ಕೆ ಹೋಗಿತ್ತು, ಪಾಲಿಷು ಕೂಡ ಆಗಿತ್ತು. ಶಾಲೆ ಶುರುವಾಗಿ, ಮಧ್ಯಾಹ್ನ ಮನೆಗೆ ಬಂದ ಮಗಳು ಒಂದು ದಿನ ಕೇಳಿದಳು, "ಓಮಾ, ವೈ ಡೋಂಟ್ ಯೂ ವಾಚ್ ಎನಿಮೋರ್?" ಅಜ್ಜಿಗೆ ಇಲ್ಲಿನ ಮಾತಿನಲ್ಲಿ ಓಮಾ ಅನ್ನುವುದು ಅವಳ ರೂಢಿ. "ಕಣ್ಣು ನೋವು ಪುಟ್ಟಿ," ಅಂದರು ಅತ್ತೆ. ನನ್ನ ಜೊತೆ ಮಾತು ಬಿಡಲಿಲ್ಲ. ಭಕ್ಕರಿ ಮೆತ್ತಗಾಗಿದೆ, ಸಾರಿಗೆ ಹುಣಸೆ ಸಾಲದು, ಹೊರಗೆ ಬಿಸಿಲು ಬಂದಿದೆ. ಮಾತಿಗೆ ಏನೂ ಕೊರತೆ ಇರಲಿಲ್ಲ.

ಜುಲೈನಲ್ಲಿ, ಸಿಕ್ಕಿಕೊಂಡವರನ್ನು ಕರೆದೊಯ್ಯುವ ವಿಶೇಷ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿತು. ಪ್ರಯಾಣಿಕರನ್ನು ಬಿಟ್ಟು ಯಾರನ್ನೂ ನಿಲ್ದಾಣದ ಒಳಗೆ ಬಿಡುತ್ತಿರಲಿಲ್ಲ. ಗಾಲಿಕುರ್ಚಿಯವನು ಬರುವವರೆಗೆ ಹೊರಗೆ ಕಾಯಬೇಕು. ಗಂಡ ಟ್ರಾಲಿ ತರಲು ಹೋದರು. ಮಾಸ್ಕು ಹಾಕಿಕೊಂಡು ನಾವಿಬ್ಬರೇ ನಿಂತಿದ್ದೆವು.

"ಆವತ್ತು ನಿನ್ನ ಕೈ ತಪ್ಪಿರಲಿಲ್ಲ," ಅಂದರು ಅತ್ತೆ. ಕೇಳಿದ್ದಲ್ಲ, ಹೇಳಿದ್ದು.

"ಇಲ್ಲ," ಅಂದೆ ನಾನು.

ತಲೆ ಆಡಿಸಿದರು. ಬ್ಯಾಗಿನ ಜಿಪ್ಪು ಎಳೆದು ನೋಡಿದರು, ಸರಿಯಾಗಿತ್ತು, ಮತ್ತೆ ಎಳೆದರು. ಆಮೇಲೆ ರಸ್ತೆಯ ಕಡೆ ನೋಡುತ್ತ, "ನಿನ್ನ ಕುಣಿತ ಬಿಡಿಸಿದಾಗ ನಾನೂ ತಿಳದ ಬಿಡಿಸಿದ್ದೆ" ಅಂದರು. "ನಮ್ಮ ಮನಿಯವರು ಏನೂ ಅಂತಿದ್ದಿಲ್ಲ. ಅವರಿಗೆ ನಡೀತಿತ್ತು. ನನಗ ಆಗ್ತಿದ್ದಿಲ್ಲ. ಮನಿಯೊಳಗ ದಿನಾ ನೀ ಕುಣಿಯೂದು, ನಾ ರೊಟ್ಟಿ ಬಡಿಯೂದು. ಆಗ್ತಿದ್ದಿಲ್ಲ ನನಗ."

ಅಷ್ಟರಲ್ಲಿ ಟ್ರಾಲಿ ಬಂತು, ಗಾಲಿಕುರ್ಚಿ ಬಂತು. ನಾನು ಬಾಗಿ ಕಾಲು ಮುಟ್ಟಿದೆ, ಅವರು ಒಂದೂವರೆ ಮೀಟರಿನ ಬೋರ್ಡು ನೋಡಿ ತಲೆ ಮುಟ್ಟಲೋ ಬೇಡವೋ ಎಂದು ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ. ಸಿಕ್ಕಿತು. ಕಾರಿನಲ್ಲಿ ಬರುವಾಗ ಗಂಡ, "ಏನಂದ್ಲು ಅವ್ವ?" ಎಂದು ಕೇಳಿದರು. "ಔಷಧಿ ಚೀಟಿ ಇದೆಯಾ ಅಂದ್ರು" ಅಂದೆ. ನನಗೆ ಹಗುರವಾಗಲಿಲ್ಲ. ಅವರು ಒಪ್ಪಿಕೊಂಡರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಅವರು ಮಾಡಿದ್ದು ಹೊಟ್ಟೆಕಿಚ್ಚಿನಿಂದ. ಅದೇ ಹೊಟ್ಟೆಕಿಚ್ಚಿನಿಂದ ನಾನೂ ಮಾಡಿದ್ದೆ ಎನ್ನುವುದು ಅದರ ಜೊತೆಗೇ ಬಂತು, ಎರಡನ್ನೂ ಈಗ ಒಟ್ಟಿಗೆ ಹೊರಬೇಕಾಯಿತು.

ಆ ಡಿಸೆಂಬರಿನಲ್ಲಿ ಇಲ್ಲಿ ಮತ್ತೆ ಎಲ್ಲ ಮುಚ್ಚಿದರು. ಶಿಶುಪಾಲನಾ ಕೇಂದ್ರ ಮುಚ್ಚಿತು, ಆ ಚಾನೆಲ್ಲು ಮತ್ತೆ ಹಳೆಯ ಚಿತ್ರ ಹಾಕತೊಡಗಿತು. ಭಾನುವಾರ ಧಾರವಾಡಕ್ಕೆ ವಿಡಿಯೋ ಕರೆ ಮಾಡುವುದು ನಮ್ಮ ಮನೆಯ ನಿಯಮ. ಆ ಭಾನುವಾರ ಗಂಡ ಮಾತಾಡಿ ಮುಗಿಸಿ ಫೋನು ನನ್ನ ಕೈಗೆ ಕೊಟ್ಟರು. ಅತ್ತೆ ಮಂಚದ ಅಂಚಿಗೆ ಕೂತಿದ್ದರು, ಯಾರೋ ಫೋನನ್ನು ಅವರೆದುರು ಸ್ಟೂಲಿನ ಮೇಲೆ ನಿಲ್ಲಿಸಿದ್ದರು. ಹಿಂದೆ ಕುರ್ಚಿಯಲ್ಲಿ ಭಾವ ಪೇಪರು ಓದುತ್ತಿದ್ದರು. ನಮ್ಮ ಟಿ.ವಿ.ಯಲ್ಲಿ ಆಗಷ್ಟೇ ಕುಣಿತ ಶುರುವಾಗಿತ್ತು, ಒಳ್ಳೆಯ ಕುಣಿತ, ಗಂಡು ಹೆಣ್ಣು ಸಮಸಮವಾಗಿ ಬಡಿಯುತ್ತಿದ್ದರು. ನನಗೆ ಏನನ್ನಿಸಿತೋ, "ಅತ್ತೆ, ಇಲ್ನೋಡಿ" ಎಂದು ಫೋನಿನ ಹಿಂದಿನ ಕ್ಯಾಮೆರಾ ಹಾಕಿ ಟಿ.ವಿ. ಕಡೆ ಹಿಡಿದೆ. ಫೋನಿನಲ್ಲಿ ಅವರ ಮುಖ ನನಗೆ ಕಾಣುತ್ತಿತ್ತು. ನೋಡಿದರು. ಕಣ್ಣು ಮಿಟುಕಿಸದೆ ನೋಡಿದರು.

ಹಿಂದೆ ಪೇಪರು ಕೆಳಗಿಳಿಯಿತು.

"ಏನ ಹಚ್ಚೀಯವಾ ಇದು, ಮುಂಜಮುಂಜಾನೆ ಹೊಲಸು?" ಎಂದು ಅತ್ತೆ, ಆ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು. "ನಾ ಇಂಥಾವೆಲ್ಲಾ ನೋಡಂಗಿಲ್ಲ. ಬಂದ್ ಮಾಡು."

ಧಾರವಾಡದಲ್ಲಿ ಆಗ ಸಂಜೆ ಏಳು ಗಂಟೆ. ನಾನು ಟಿ.ವಿ. ಆರಿಸಿದೆ. "ಆಯ್ತು ಅತ್ತೆ," ಅಂದೆ.

ಫೋನಿನಲ್ಲಿ ಕಾಣುವುದು ಎದೆಯವರೆಗೆ ಮಾತ್ರ. ಕೆಳಗೆ, ಮಂಚದಿಂದ ಇಳಿಬಿಟ್ಟ ಅವರ ಕಾಲು ಮೆಲ್ಲಗೆ ತಾಳ ಹಾಕುತ್ತಿತ್ತೇನೋ ಎಂದು ಬರೆದುಬಿಟ್ಟರೆ ನನಗೂ ಸಮಾಧಾನ, ಓದುವವರಿಗೂ ಸಮಾಧಾನ. ಹಾಕುತ್ತಿರಲಿಲ್ಲ. ಕೂತವರ ಕಾಲು ತಾಳ ಹಾಕಿದರೆ ಅದು ಹೆಗಲಿಗೆ ಗೊತ್ತಾಗುತ್ತದೆ, ಎಷ್ಟೇ ಬಚ್ಚಿಟ್ಟರೂ ಒಂದಿಷ್ಟು ಅಲುಗುತ್ತದೆ. ಹದಿನಾರು ವರ್ಷದಲ್ಲಿ ಕಲಿತದ್ದರಲ್ಲಿ ನನಗೆ ಇನ್ನೂ ಮರೆಯದೆ ಉಳಿದಿರುವುದು ಅಷ್ಟೆ. ಕುಣಿತ ನಡೆದಷ್ಟು ಹೊತ್ತೂ ನಾನು ಅವರ ಹೆಗಲನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.